ಆಕಾಶಕ್ಕೆ ಕಿವಿಗೊಟ್ಟ ಕಾರ್ಲ್ ಜಾನ್ಸ್ಕಿ

ಮಾನವನು ಅನಾದಿಕಾಲದಿಂದಲೂ ಆಕಾಶವನ್ನು ಕಣ್ಣಿನಿಂದ ನೋಡುತ್ತ ಬಂದವನು. ಸೂರ್ಯಚಂದ್ರರ ಗತಿಯನ್ನು ನೋಡಿ ಕಾಲವನ್ನು ಅಳೆದನು. ನಕ್ಷತ್ರಗಳನ್ನು ನೋಡಿ ಬಿತ್ತನೆಯ ದಿನಗಳನ್ನು ಗೊತ್ತುಮಾಡಿದನು. ದಿಕ್ಕು ಕಾಣದ ಕಡಲಿನಲ್ಲಿ ದಾರಿ ಕಂಡುಕೊಂಡನು. 1609ರಲ್ಲಿ ಗೆಲಿಲಿಯೋ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿದ ಮೇಲೆ ಕಣ್ಣಿನ ಶಕ್ತಿ ಹಲವು ಮಡಿ ಹೆಚ್ಚಿತು. ಆದರೆ ಅದಾದ ಮೂರು ಶತಮಾನಗಳವರೆಗೂ ಖಗೋಳ ವಿಜ್ಞಾನಿಗಳ ಕೆಲಸವು ಬಹುಮಟ್ಟಿಗೆ ಬೆಳಕನ್ನೇ ನೆಚ್ಚಿಕೊಂಡಿತ್ತು. ಕಣ್ಣಿಗೆ ಕಾಣದ ರೇಡಿಯೋ ತರಂಗಗಳೂ ನಕ್ಷತ್ರಲೋಕದಿಂದ ಭೂಮಿಯ ಮೇಲೆ ಸುರಿಯುತ್ತಿವೆ ಎಂಬುದನ್ನು ಮೊದಲು ಅರಿತವನು ಖಗೋಳ ವಿಜ್ಞಾನಿಯಲ್ಲ. ದೂರವಾಣಿಯ ಗದ್ದಲವನ್ನು ತಗ್ಗಿಸುವ ಕೆಲಸಕ್ಕೆ ನೇಮಕಗೊಂಡಿದ್ದ ಒಬ್ಬ ತರುಣ. ಅವನೇ ಕಾರ್ಲ್ ಗೂಥೆ ಜಾನ್ಸ್ಕಿ.

ಜಾನ್ಸ್ಕಿ 1905ರ ಅಕ್ಟೋಬರ್ 22ರಂದು ಅಮೆರಿಕದ ಓಕ್ಲಹೋಮಾ ಪ್ರಾಂತ್ಯದ ನಾರ್ಮನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ಸಿರಿಲ್ ಜಾನ್ಸ್ಕಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಶಿಕ್ಷಣದ ಮುಖ್ಯಸ್ಥರಾಗಿದ್ದರು. ತಮಗೆ ಭೌತವಿಜ್ಞಾನವನ್ನು ಕಲಿಸಿದ ಗುರು ಕಾರ್ಲ್ ಗೂಥೆಯವರ ಮೇಲಿನ ಗೌರವದಿಂದ ಅವರ ಹೆಸರನ್ನೇ ಮಗನಿಗೆ ಇಟ್ಟರು. ಮುಂದೆ ಸಂಸಾರವು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದು ನೆಲೆಸಿತು. ವಿದ್ಯೆಯ ವಾತಾವರಣವಿದ್ದ ಆ ಮನೆಯಲ್ಲಿ ಬೆಳೆದ ಬಾಲಕನಿಗೆ ವಿಜ್ಞಾನದ ಅಭಿರುಚಿ ಸಹಜವಾಗಿಯೇ ಮೈಗೂಡಿತು. ಹಿರಿಯ ಅಣ್ಣ ಸಿರಿಲ್ ಆಗಲೇ ರೇಡಿಯೋ ತಂತ್ರಜ್ಞನಾಗಿ ಹೆಸರು ಪಡೆಯುತ್ತಿದ್ದನು. ಕಾರ್ಲ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿ 1927ರಲ್ಲಿ ಭೌತವಿಜ್ಞಾನದ ಪದವಿಯನ್ನು ಪಡೆದನು. ಓದಿನಲ್ಲಿ ಹೇಗೋ ಆಟದಲ್ಲಿಯೂ ಹಾಗೆಯೇ ಅವನಿಗೆ ಉತ್ಸಾಹವಿತ್ತು. ಹಿಮದ ಮೇಲೆ ಆಡುವ ಹಾಕಿಯಲ್ಲಿ ಅವನು ಚುರುಕಾದ ಆಟಗಾರನಾಗಿದ್ದನು.

ಆದರೆ ವಿಧಿ ಅವನಿಗೆ ಆರೋಗ್ಯವನ್ನು ಕೊಡಲಿಲ್ಲ. ಕಾಲೇಜಿನಲ್ಲಿದ್ದಾಗಲೇ ಅವನಿಗೆ ಮೂತ್ರಪಿಂಡಗಳನ್ನು ಸವೆಸುವ ರೋಗವಿದೆಯೆಂಬುದು ತಿಳಿದುಬಂದಿತು. ಆ ಕಾಲದಲ್ಲಿ ಆ ರೋಗಕ್ಕೆ ತಕ್ಕ ಔಷಧವಿರಲಿಲ್ಲ. ಪಥ್ಯದ ಊಟ, ಮಿತವಾದ ಶ್ರಮ, ಇವೇ ಚಿಕಿತ್ಸೆ. 1928ರಲ್ಲಿ ಅವನು ಪ್ರಸಿದ್ಧವಾದ ಬೆಲ್ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಈ ರೋಗವೇ ಅಡ್ಡಿಯಾಗಿ ನಿಂತಿತು. ರೋಗಿಷ್ಠನಾದ ತರುಣನನ್ನು ನೇಮಿಸಿಕೊಳ್ಳಲು ಅಧಿಕಾರಿಗಳು ಹಿಂಜರಿದರು. ಅವರ ಪರಿಚಯವಿದ್ದ ಅಣ್ಣನು ತಮ್ಮನ ಯೋಗ್ಯತೆಯನ್ನು ಮನಗಾಣಿಸಿದ ಮೇಲೆ ಕೆಲಸ ದೊರೆಯಿತು. ನ್ಯೂಯಾರ್ಕ್ ನಗರದ ಹೊಗೆ ಮತ್ತು ಗಡಿಬಿಡಿಗಳಿಂದ ದೂರವಿರಲೆಂದು ಅವನನ್ನು ನ್ಯೂಜೆರ್ಸಿ ರಾಜ್ಯದ ಹಳ್ಳಿಗಾಡಿನ ಕ್ಲಿಫ್‌ವುಡ್ ಕೇಂದ್ರಕ್ಕೆ ಕಳುಹಿಸಲಾಯಿತು. ಆ ಕೇಂದ್ರವು 1930ರಲ್ಲಿ ಸಮೀಪದ ಹೋಮ್‌ಡೆಲ್‌ಗೆ ಸ್ಥಳಾಂತರಗೊಂಡಿತು. ರೋಗದ ಕಾರಣದಿಂದ ದೊರೆತ ಈ ಪ್ರಶಾಂತವಾದ ಬಯಲೇ ಮುಂದೆ ಅವನ ಸಾಧನೆಗೆ ವೇದಿಕೆಯಾಯಿತು.

ಅಲ್ಲಿ ಅವನಿಗೆ ವಹಿಸಿದ ಕೆಲಸವು ಮೇಲುನೋಟಕ್ಕೆ ಸಾಮಾನ್ಯವಾದುದು. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ನಡುವೆ ರೇಡಿಯೋ ತರಂಗಗಳ ಮೂಲಕ ದೂರವಾಣಿ ಸಂಪರ್ಕ ಆರಂಭವಾಗಿತ್ತು. ಮೊದಲ ಮೂರು ನಿಮಿಷಗಳ ಮಾತಿಗೆ 75 ಡಾಲರುಗಳ ಶುಲ್ಕ. ಇಷ್ಟು ಹಣ ತೆತ್ತು ಮಾತನಾಡುವವರ ದನಿ ಕರಕರ, ಚಟಪಟ ಎಂಬ ಸದ್ದಿನಲ್ಲಿ ಮುಳುಗಿಹೋದರೆ ಯಾರು ತಾನೇ ಸಹಿಸಿಯಾರು? ಈ ಸಂಪರ್ಕಕ್ಕೆ ಅಲ್ಪ ತರಂಗಗಳನ್ನು ಬಳಸುವ ಕಾರ್ಯವೂ ಆಗ ಆರಂಭವಾಗಿತ್ತು. ಆ ತರಂಗಗಳಲ್ಲಿ ಗದ್ದಲವು ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬಲವಾಗಿ ಬರುತ್ತದೆಂಬುದನ್ನು ತಿಳಿದರೆ ಅದನ್ನು ತಪ್ಪಿಸುವಂತೆ ಆಂಟೆನಾಗಳನ್ನು ನಿಲ್ಲಿಸಬಹುದು. ಆ ಗದ್ದಲದ ಲೆಕ್ಕವನ್ನು ಒಪ್ಪಿಸುವುದೇ ಜಾನ್ಸ್ಕಿಯ ಪಾಲಿಗೆ ಬಂದ ಕೆಲಸ.

ಒಂದೇ ಕಡೆಗೆ ಮುಖಮಾಡಿ ನಿಂತ ಆಂಟೆನಾದಿಂದ ಈ ಕೆಲಸ ಸಾಧ್ಯವಿರಲಿಲ್ಲ. ಜಾನ್ಸ್ಕಿ ತಿರುಗುವ ಆಂಟೆನಾವೊಂದನ್ನು ರಚಿಸಿದನು. ಆಲೂಗೆಡ್ಡೆ ಬೆಳೆಯುತ್ತಿದ್ದ ಹಳೆಯ ಹೊಲವೊಂದರಲ್ಲಿ ವೃತ್ತಾಕಾರದ ಹಾದಿಯೊಂದು ಸಿದ್ಧವಾಯಿತು. ಅದರ ಮೇಲೆ ಸುಮಾರು 30 ಮೀಟರ್ ಉದ್ದದ, ಎರಡಾಳಿಗಿಂತಲೂ ಎತ್ತರವಾದ ಮರದ ಚೌಕಟ್ಟು ನಿಂತಿತು. ಚೌಕಟ್ಟಿಗೆ ಹಿತ್ತಾಳೆಯ ಕೊಳವೆಗಳನ್ನು ಸಾಲಾಗಿ ಬಿಗಿಯಲಾಯಿತು. ಇಡೀ ರಚನೆಯನ್ನು ಹೊತ್ತು ತಿರುಗಲು ಅವನು ಬಳಸಿದ್ದು ಫೋರ್ಡ್ ಮೋಟಾರು ಕಾರಿನ ನಾಲ್ಕು ಚಕ್ರಗಳನ್ನು. ಸಣ್ಣದೊಂದು ವಿದ್ಯುತ್ ಮೋಟಾರು ಅದನ್ನು 20 ನಿಮಿಷಗಳಿಗೆ ಒಂದು ಸುತ್ತಿನಂತೆ ಹಗಲಿರುಳೂ ತಿರುಗಿಸುತ್ತಿತ್ತು. ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಕುದುರೆಗಳ ತೊಟ್ಟಿಲನ್ನು ನೆನಪಿಗೆ ತರುತ್ತಿದ್ದ ಈ ಯಂತ್ರಕ್ಕೆ ಜೊತೆಗಾರರು ತಮಾಷೆಯಾಗಿ ಅದೇ ಹೆಸರನ್ನು ಇಟ್ಟಿದ್ದರು.

ಈ ಆಂಟೆನಾ ಎಲ್ಲ ದಿಕ್ಕುಗಳಿಂದ ಬರುವ ತರಂಗಗಳನ್ನೂ ಸಮನಾಗಿ ಹಿಡಿಯುತ್ತಿರಲಿಲ್ಲ. ತಾನು ಮುಖಮಾಡಿದ ದಿಕ್ಕಿನ ತರಂಗಗಳನ್ನು ಬಲವಾಗಿಯೂ ಉಳಿದವುಗಳನ್ನು ಕ್ಷೀಣವಾಗಿಯೂ ಗ್ರಹಿಸುತ್ತಿತ್ತು. ಅದನ್ನು 20.5 ಮೆಗಾಹರ್ಟ್ಸ್ ಆವೃತ್ತಿಗೆ, ಎಂದರೆ 14.6 ಮೀಟರ್ ತರಂಗದೂರಕ್ಕೆ ಹೊಂದಿಸಲಾಗಿತ್ತು. ಗ್ರಾಹಕ ಯಂತ್ರಕ್ಕೆ ಜೋಡಿಸಿದ ಲೇಖನಿಯೊಂದು ಸರಿಯುತ್ತಿದ್ದ ಕಾಗದದ ಸುರುಳಿಯ ಮೇಲೆ ಸದ್ದಿನ ಏರಿಳಿತವನ್ನು ಗೆರೆಯಾಗಿ ಬರೆಯುತ್ತಿತ್ತು. ಗೆರೆ ಮೇಲೇರಿದ ಗಳಿಗೆಯಲ್ಲಿ ಆಂಟೆನಾ ಯಾವ ಕಡೆಗೆ ತಿರುಗಿತ್ತೆಂದು ನೋಡಿದರೆ ಸದ್ದಿನ ದಿಕ್ಕು ತಿಳಿಯುತ್ತಿತ್ತು. ಕತ್ತಲೆಯಲ್ಲಿ ಕರೆಯುವವರ ದನಿ ಎಲ್ಲಿಂದ ಬಂದಿತೆಂದು ತಿಳಿಯಲು ನಾವು ತಲೆಯನ್ನು ಅತ್ತಿತ್ತ ತಿರುಗಿಸುವುದಿಲ್ಲವೆ? ಇದೂ ಹಾಗೆಯೇ.

1931ರಿಂದ ಜಾನ್ಸ್ಕಿ ತಿಂಗಳುಗಟ್ಟಲೆ ಈ ಗೆರೆಗಳನ್ನು ಪರೀಕ್ಷಿಸಿದನು. ಗದ್ದಲದಲ್ಲಿ ಮೂರು ಬಗೆಗಳಿರುವುದು ಅವನಿಗೆ ಸ್ಪಷ್ಟವಾಯಿತು. ಸಮೀಪದ ಗುಡುಗು ಸಿಡಿಲುಗಳಿಂದ ಹುಟ್ಟುವ ಜೋರಾದ ಚಟಪಟ ಸದ್ದು ಮೊದಲನೆಯದು. ದೂರದ ಸಿಡಿಲುಮಳೆಯಿಂದ ಬರುವ, ಅದಕ್ಕಿಂತ ಮೆಲುವಾದ ಸದ್ದು ಎರಡನೆಯದು. ಇವೆರಡಕ್ಕೂ ಕಾರಣ ತಿಳಿದಿತ್ತು. ಮೂರನೆಯದು ಮಾತ್ರ ಒಲೆಯ ಮೇಲಿನ ಪಾತ್ರೆಯಿಂದ ಆವಿ ಹೊರಡುವಾಗ ಕೇಳುವಂಥ, ಎಡೆಬಿಡದ, ಅತ್ಯಂತ ಕ್ಷೀಣವಾದ ಸದ್ದು. ಅದಕ್ಕೆ ಸಿಡಿಲಿನ ಸಂಬಂಧವಿರಲಿಲ್ಲ. ಅದು ಯಂತ್ರದೊಳಗಿನ ದೋಷವೂ ಆಗಿರಲಿಲ್ಲ; ಏಕೆಂದರೆ ಆಂಟೆನಾ ತಿರುಗಿದಂತೆ ಅದು ಏರುತ್ತಿತ್ತು, ಇಳಿಯುತ್ತಿತ್ತು.

ದೂರವಾಣಿಗೆ ಈ ಮೂರನೆಯ ಸದ್ದಿನಿಂದ ಹೇಳಿಕೊಳ್ಳುವಂಥ ತೊಂದರೆಯಿರಲಿಲ್ಲ. ಮೊದಲೆರಡರ ವಿವರವನ್ನು ಒಪ್ಪಿಸಿ, ಇದನ್ನು ಕಾರಣ ತಿಳಿಯದ್ದೆಂದು ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದರೂ ಯಾರೂ ಅವನನ್ನು ಆಕ್ಷೇಪಿಸುತ್ತಿರಲಿಲ್ಲ. ಲೆಕ್ಕದಲ್ಲಿ ಉಳಿದ ಅಲ್ಪವಾದ ಶೇಷವನ್ನು ಅಳಿಸಿಹಾಕುವುದು ಮನುಷ್ಯನ ಸಾಮಾನ್ಯ ಸ್ವಭಾವ. ಜಾನ್ಸ್ಕಿ ಹಾಗೆ ಮಾಡಲಿಲ್ಲ. ತಿಳಿಯದುದನ್ನು ತಿಳಿಯದೆ ಬಿಡುವುದು ಅವನ ಮನಸ್ಸಿಗೆ ಒಗ್ಗಲಿಲ್ಲ.

1931ರ ಕೊನೆಯಲ್ಲಿ ಆ ಸದ್ದಿನ ದಿಕ್ಕು ದಿನವಿಡೀ ಸೂರ್ಯನನ್ನೇ ಹಿಂಬಾಲಿಸುವಂತೆ ತೋರಿತು. ಬೆಳಿಗ್ಗೆ ಪೂರ್ವದಿಂದ, ನಡುಹಗಲಿನಲ್ಲಿ ದಕ್ಷಿಣದಿಂದ, ಸಂಜೆ ಪಶ್ಚಿಮದಿಂದ ಅದು ಬರುತ್ತಿತ್ತು. ಸೂರ್ಯನೇ ಇದರ ಮೂಲವಿರಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ಅಷ್ಟಕ್ಕೇ ತೃಪ್ತನಾಗಿದ್ದರೆ ಜಾನ್ಸ್ಕಿ ಸತ್ಯದ ಬಾಗಿಲಿನವರೆಗೆ ಹೋಗಿ ಹಿಂದಿರುಗಿದಂತಾಗುತ್ತಿತ್ತು. ಅವನು ಅಳತೆಯನ್ನು ನಿಲ್ಲಿಸಲಿಲ್ಲ. ವಾರಗಳು ಕಳೆದಂತೆ ಸದ್ದು ಸೂರ್ಯನಿಂದ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯತೊಡಗಿತು. ಒಂದು ದಿನ ಒಂದು ದಿಕ್ಕಿನಲ್ಲಿ ಕೇಳಿಸಿದ ಸದ್ದು ಮರುದಿನ ಅದೇ ದಿಕ್ಕಿಗೆ ಬರುವಾಗ ಸುಮಾರು 4 ನಿಮಿಷ ಮುಂಚಿತವಾಗಿ ಬರುತ್ತಿತ್ತು. ತಿಂಗಳಿಗೆ ಎರಡು ಗಂಟೆಗಳ ಅಂತರ. ವರ್ಷ ತುಂಬುವ ಹೊತ್ತಿಗೆ ಪೂರ್ತಿ 24 ಗಂಟೆಗಳು. ಒಂದು ವರ್ಷದ ಬಳಿಕ ಸದ್ದು ತನ್ನ ಮೊದಲಿನ ಹೊತ್ತಿಗೇ ಮರಳಿತು.

ಈ 4 ನಿಮಿಷಗಳಲ್ಲಿಯೇ ರಹಸ್ಯವೆಲ್ಲ ಅಡಗಿತ್ತು. ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಸುಮಾರು 23 ಗಂಟೆ 56 ನಿಮಿಷ ಸಾಕು. ಆದರೆ ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ಹಾದಿಯಲ್ಲಿಯೂ ಕೊಂಚ ಮುಂದಕ್ಕೆ ಸಾಗಿರುತ್ತದೆ. ಆದುದರಿಂದ ಸೂರ್ಯನಿಗೆ ಮತ್ತೆ ಎದುರಾಗಲು ಅದು ಇನ್ನೂ 4 ನಿಮಿಷ ತಿರುಗಬೇಕು. ನಕ್ಷತ್ರಗಳು ಅತಿ ದೂರದಲ್ಲಿರುವುದರಿಂದ ಅವುಗಳಿಗೆ ಈ ಹೆಚ್ಚಿನ ನಿಮಿಷಗಳ ಅಗತ್ಯವಿಲ್ಲ. ಅವು ದಿನವೂ 4 ನಿಮಿಷ ಮುಂಚೆ ಮೂಡುತ್ತವೆ. ಕಾರ್ತಿಕ ಮಾಸದ ಸಂಜೆ ಪೂರ್ವದಲ್ಲಿ ಮೂಡುವ ಕೃತ್ತಿಕಾ ನಕ್ಷತ್ರಪುಂಜವು ಮಾಘದ ಸಂಜೆಯಲ್ಲಿ ನೆತ್ತಿಯ ಸಮೀಪದಲ್ಲಿರುವುದು ಇದೇ ಕಾರಣದಿಂದ. ಜಾನ್ಸ್ಕಿ ಖಗೋಳವಿಜ್ಞಾನವನ್ನು ವಿಶೇಷವಾಗಿ ಅಭ್ಯಾಸ ಮಾಡಿದವನಲ್ಲ. ಆ ವಿಷಯವನ್ನು ಬಲ್ಲ ಸ್ನೇಹಿತ ಸ್ಕೆಲೆಟ್‌ನ ಜೊತೆ ಚರ್ಚಿಸಿದಾಗ ಅವನಿಗೆ ಈ 4 ನಿಮಿಷಗಳ ಅರ್ಥ ಹೊಳೆಯಿತು. ಸದ್ದು ಸೂರ್ಯನ ಗಡಿಯಾರವನ್ನು ಅನುಸರಿಸುತ್ತಿರಲಿಲ್ಲ, ನಕ್ಷತ್ರಗಳ ಗಡಿಯಾರವನ್ನು ಅನುಸರಿಸುತ್ತಿತ್ತು. ಎಂದರೆ ಅದು ಭೂಮಿಯದಲ್ಲ, ಸೂರ್ಯನದೂ ಅಲ್ಲ. ಸೌರಮಂಡಲದ ಆಚೆಯಿಂದ ಬರುತ್ತಿರುವುದು!

ಆಂಟೆನಾ ಕ್ಷಿತಿಜದ ಸುತ್ತ ಮಾತ್ರ ತಿರುಗುತ್ತಿತ್ತು. ಅದನ್ನು ಮೇಲಕ್ಕೆತ್ತಿ ಎತ್ತರವನ್ನು ಅಳೆಯಲು ಅವಕಾಶವಿರಲಿಲ್ಲ. ಆ ಕೊರತೆಯನ್ನು ಭೂಮಿಯ ತಿರುಗುವಿಕೆಯೇ ತುಂಬಿಕೊಟ್ಟಿತು. ಹೊತ್ತು ಮತ್ತು ದಿಕ್ಕುಗಳನ್ನು ಹೋಲಿಸಿ ಲೆಕ್ಕ ಹಾಕಿದಾಗ ಸದ್ದು ಅತ್ಯಂತ ಬಲವಾಗಿ ಬರುವುದು ಆಕಾಶಗಂಗೆಯ ಮಧ್ಯಭಾಗವಿರುವ ಧನು ರಾಶಿಯ ಕಡೆಯಿಂದ ಎಂಬುದು ತಿಳಿಯಿತು. 1933ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದ ರೇಡಿಯೋ ವಿಜ್ಞಾನಿಗಳ ಸಭೆಯಲ್ಲಿ ಅವನು ಇದನ್ನು ಪ್ರಕಟಿಸಿದನು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊದಲ ಪುಟದಲ್ಲಿ ಈ ಸುದ್ದಿ ಬಂದಿತು. ಹತ್ತು ದಿನಗಳ ತರುವಾಯ ರೇಡಿಯೋ ಕೇಂದ್ರಗಳ ಮೂಲಕ ಆ ಸದ್ದನ್ನೇ ಜನರಿಗೆ ಕೇಳಿಸಲಾಯಿತು. ಸಾವಿರಾರು ವರ್ಷಗಳ ಹಿಂದೆ ಹೊರಟ ತರಂಗಗಳನ್ನು ಜನರು ತಮ್ಮ ಮನೆಯಲ್ಲಿ ಕುಳಿತು ಆಲಿಸಿದರು. ಆಗ ಜಾನ್ಸ್ಕಿಗೆ 27 ವರ್ಷ. 1935ರಲ್ಲಿ ಅವನು ಇನ್ನೊಂದು ಲೇಖನವನ್ನು ಬರೆದು, ಕೇಂದ್ರದಿಂದ ಮಾತ್ರವಲ್ಲದೆ ಇಡೀ ಆಕಾಶಗಂಗೆಯ ಪಟ್ಟಿಯಿಂದ ಈ ತರಂಗಗಳು ಬರುತ್ತಿವೆಯೆಂದು ತೋರಿಸಿದನು.

ಇಷ್ಟು ದೊಡ್ಡ ಶೋಧಕ್ಕೆ ತಕ್ಕ ಆದರ ದೊರೆಯಬೇಕಾಗಿತ್ತು, ದೊರೆಯಲಿಲ್ಲ. ಖಗೋಳ ವಿಜ್ಞಾನಿಗಳಿಗೆ ರೇಡಿಯೋ ತಂತ್ರ ಅಪರಿಚಿತವಾಗಿತ್ತು. ರೇಡಿಯೋ ತಂತ್ರಜ್ಞರಿಗೆ ನಕ್ಷತ್ರಗಳು ಅಪರಿಚಿತವಾಗಿದ್ದುವು. ಎರಡು ಊರುಗಳ ನಡುವಿನ ಬಯಲಿನಲ್ಲಿ ಬಿದ್ದ ನಿಧಿಯಂತೆ ಆ ಶೋಧವು ಯಾರ ಕೈಗೂ ಸೇರದೆ ಉಳಿಯಿತು. ಅಮೆರಿಕವು ಆಗ ಘೋರವಾದ ಆರ್ಥಿಕ ಕುಸಿತದಲ್ಲಿ ಸಿಲುಕಿತ್ತು. ದೂರವಾಣಿಗೆ ಉಪಯೋಗವಾಗದ ವಿಷಯಕ್ಕೆ ಹಣ ತೊಡಗಿಸುವ ಕಾಲ ಅದಾಗಿರಲಿಲ್ಲ. ಜಾನ್ಸ್ಕಿಯನ್ನು ಬೇರೆ ಕೆಲಸಗಳಿಗೆ ವರ್ಗಾಯಿಸಲಾಯಿತು. ಸಂಶೋಧನೆಯನ್ನು ಮುಂದುವರಿಸಲು ಅವನು ಬಯಸಿದನೆಂದೂ ಅವಕಾಶ ಸಿಗಲಿಲ್ಲವೆಂದೂ ಕೆಲವರು ಬರೆದಿದ್ದಾರೆ. ಅಂಥ ಬಯಕೆಯನ್ನು ಅವನು ತಿಳಿಸಿರಲಿಲ್ಲವೆಂದು ಅವನ ಮೇಲಧಿಕಾರಿಯಾಗಿದ್ದ ಹೆರಾಲ್ಡ್ ಫ್ರೀಸ್ ಮುಂದೆ ಬರೆದರು. ಏನಿದ್ದರೂ ತಾನು ತೆರೆದ ಬಾಗಿಲಿನೊಳಗೆ ಬಹುದೂರ ನಡೆಯುವ ಭಾಗ್ಯ ಅವನಿಗೆ ಒದಗಲಿಲ್ಲ.

ಆದರೆ ಅವನ ಲೇಖನಗಳನ್ನು ಓದಿ ರೋಮಾಂಚಗೊಂಡ ತರುಣನೊಬ್ಬನಿದ್ದನು. ಇಲಿನಾಯ್ ರಾಜ್ಯದ ವೀಟನ್ ಎಂಬ ಊರಿನ ಗ್ರೋಟ್ ರೇಬರ್, ಬೆಲ್ ಪ್ರಯೋಗಾಲಯದಲ್ಲಿ ಜಾನ್ಸ್ಕಿಯೊಡನೆ ಕೆಲಸ ಮಾಡಲು ಬಯಸಿದ್ದನು. ಅದು ಕೈಗೂಡದಿರಲು 1937ರಲ್ಲಿ ಸ್ವಂತ ಹಣದಿಂದ ತನ್ನ ಮನೆಯ ಅಂಗಳದಲ್ಲಿಯೇ 9 ಮೀಟರಿಗಿಂತ ಹೆಚ್ಚು ಅಗಲದ, ಬೋಗುಣಿಯ ಆಕಾರದ ಆಂಟೆನಾವನ್ನು ಕಟ್ಟಿದನು. ಅದು ಮೇಲಕ್ಕೂ ಕೆಳಕ್ಕೂ ಮಾತ್ರ ಬಾಗುತ್ತಿತ್ತು. ಪೂರ್ವಪಶ್ಚಿಮಗಳ ಚಲನೆಯನ್ನು ಅವನು ಭೂಮಿಗೇ ಬಿಟ್ಟಿದ್ದನು. ಮೊದಲ ಎರಡು ಪ್ರಯತ್ನಗಳು ವಿಫಲವಾದರೂ ಎದೆಗುಂದದೆ ಯಂತ್ರವನ್ನು ಬದಲಾಯಿಸಿ ಅವನು ಆಕಾಶಗಂಗೆಯ ಸದ್ದನ್ನು ಹಿಡಿದನು. 1944ರಲ್ಲಿ ರೇಡಿಯೋ ಆಕಾಶದ ನಕ್ಷೆಯನ್ನು ಪ್ರಕಟಿಸಿದನು. ಜಾನ್ಸ್ಕಿ ಬಿತ್ತಿದ ಬೀಜ ಹೀಗೆ ಇನ್ನೊಬ್ಬನ ಅಂಗಳದಲ್ಲಿ ಮೊಳೆಯಿತು.

ಜಾನ್ಸ್ಕಿ ಕಹಿಯಾದ ಮನಸ್ಸಿನಿಂದ ದಿನಗಳನ್ನು ಕಳೆಯಲಿಲ್ಲ. 1929ರಲ್ಲಿ ಆಲಿಸ್ ನ್ಯಾಪ್ ಎಂಬಾಕೆಯನ್ನು ವಿವಾಹವಾಗಿದ್ದ ಅವನಿಗೆ ಇಬ್ಬರು ಮಕ್ಕಳಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಶತ್ರುಗಳ ಜಲಾಂತರ್ಗಾಮಿಗಳಿರುವ ದಿಕ್ಕನ್ನು ರೇಡಿಯೋ ಸಂಕೇತಗಳಿಂದ ಗುರುತಿಸುವ ಉಪಕರಣಗಳ ಮೇಲೆ ದುಡಿದು ಸೇನೆಯ ಪ್ರಶಂಸೆಯನ್ನು ಪಡೆದನು. ಆದರೆ ಹಳೆಯ ರೋಗವು ಒಳಗೊಳಗೇ ಅವನನ್ನು ಕೃಶಗೊಳಿಸುತ್ತಿತ್ತು. 1950ರ ಫೆಬ್ರವರಿ 14ರಂದು ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಎಂಬಲ್ಲಿ ಅವನು ಕೊನೆಯುಸಿರೆಳೆದನು. ಆಗ ಅವನ ವಯಸ್ಸು ಕೇವಲ 44. ಯಾವ ದೊಡ್ಡ ಪ್ರಶಸ್ತಿಯೂ ಅವನನ್ನು ಅರಸಿ ಬಂದಿರಲಿಲ್ಲ.

ಅವನು ತೀರಿಕೊಂಡ ಏಳು ವರ್ಷಗಳ ಬಳಿಕ, 1957ರಲ್ಲಿ, ಮೊದಲ ಕೃತಕ ಉಪಗ್ರಹವು ಆಕಾಶಕ್ಕೇರಿತು. ತಿರುಗುವ ಆಂಟೆನಾಗಳಿಗೆ ಹೊಸ ಕೆಲಸ ದೊರೆಯಿತು. ಹೋಮ್‌ಡೆಲ್‌ನ ಕ್ರಾಫರ್ಡ್ ಬೆಟ್ಟದ ಮೇಲೆ ಕಹಳೆಯ ಆಕಾರದ ದೊಡ್ಡ ಆಂಟೆನಾವೊಂದನ್ನು ಕಟ್ಟಲಾಯಿತು. 1960ರಲ್ಲಿ ಹಾರಿಸಿದ ಎಕೋ ಎಂಬ ಬಲೂನು ಉಪಗ್ರಹವು ಆಕಾಶದಲ್ಲಿ ಸಾಗಿದಂತೆ ಈ ಆಂಟೆನಾ ಅದರತ್ತ ತಿರುಗುತ್ತ ಅದರಿಂದ ಪ್ರತಿಫಲಿಸಿದ ತರಂಗಗಳನ್ನು ಹಿಡಿಯಿತು. 1964ರಲ್ಲಿ ಅದೇ ಆಂಟೆನಾದಿಂದ ಅಳತೆ ಮಾಡುತ್ತಿದ್ದ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬುವರಿಗೂ ಕಾರಣ ತಿಳಿಯದ ಸದ್ದೊಂದು ಎದುರಾಯಿತು. ಜಾನ್ಸ್ಕಿಯ ಸದ್ದು ಒಂದು ದಿಕ್ಕಿನಲ್ಲಿ ಬಲವಾಗಿದ್ದರೆ ಇದು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿತ್ತು. ಅವರೂ ಶೇಷವನ್ನು ಅಳಿಸಿಹಾಕಲಿಲ್ಲ. ಅದು ವಿಶ್ವದ ಆರಂಭಕಾಲದಿಂದ ಉಳಿದುಬಂದ ವಿಕಿರಣವೆಂದು ತಿಳಿದುಬಂದಿತು. 1978ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಇಂದು ದೂರದರ್ಶನದ ಕಾರ್ಯಕ್ರಮಗಳನ್ನು ತರುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ಅವು ಒಂದೇ ಕಡೆ ನಿಂತಂತೆ ತೋರುತ್ತವೆ. ಕರ್ನಾಟಕದಿಂದ ನೋಡುವಾಗ ಅವುಗಳ ಸಾಲು ನೆತ್ತಿಯಿಂದ ತುಸು ದಕ್ಷಿಣಕ್ಕೆ ಸರಿದು, ಪೂರ್ವದಿಂದ ಪಶ್ಚಿಮದವರೆಗೆ ಕಮಾನಿನಂತೆ ಹಬ್ಬಿರುತ್ತದೆ. ಒಂದೇ ಉಪಗ್ರಹಕ್ಕೆ ಬೋಗುಣಿ ಆಂಟೆನಾವನ್ನು ಹೊಂದಿಸಬೇಕಾದರೆ ದಿಕ್ಕು ಮತ್ತು ಎತ್ತರ ಎಂಬ ಎರಡು ಕೋನಗಳು ಸರಿಯಾಗಿರಬೇಕು. ಕೆಲವೇ ಡಿಗ್ರಿಗಳು ತಪ್ಪಿದರೂ ಸಂಕೇತ ಮಾಯವಾಗುತ್ತದೆ. ಹಲವು ಉಪಗ್ರಹಗಳನ್ನು ಒಂದಾದ ಮೇಲೊಂದರಂತೆ ಹುಡುಕಬೇಕಾದರೆ ಆಂಟೆನಾವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾದ ಅಚ್ಚಿನ ಮೇಲೆ ಕೂರಿಸಿ ತಕ್ಕಂತೆ ಬಾಗಿಸುತ್ತಾರೆ. ಆಗ ಒಂದೇ ಮೋಟಾರು ಅದನ್ನು ಕಮಾನಿನ ಉದ್ದಕ್ಕೂ ಒಯ್ಯಬಲ್ಲದು. ಅಳತೆಯ ಮುಳ್ಳು ಮೇಲೇರಿದ ಗಳಿಗೆಯಲ್ಲಿ ಉಪಗ್ರಹ ಸಿಕ್ಕಿತೆಂದು ಅರ್ಥ. ಹೋಮ್‌ಡೆಲ್‌ನ ಹೊಲದಲ್ಲಿ ಜಾನ್ಸ್ಕಿ ಅನುಸರಿಸಿದ್ದೂ ಇದೇ ವಿಧಾನವನ್ನು. ಅವನು ಹುಡುಕುತ್ತಿದ್ದುದನ್ನು ಆಕಾಶದಲ್ಲಿ ಇಟ್ಟವರು ಮಾತ್ರ ಮನುಷ್ಯರಾಗಿರಲಿಲ್ಲ.

ರೇಡಿಯೋ ಖಗೋಳವಿಜ್ಞಾನವು ಈಗ ಹೆಮ್ಮರವಾಗಿ ಬೆಳೆದಿದೆ. ಭಾರತದಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಉದಕಮಂಡಲದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವು 1970ರಲ್ಲಿ ಸಿದ್ಧವಾಯಿತು. ಕರ್ನಾಟಕದ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ನಿರ್ಮಿಸಿದ ಆಂಟೆನಾಗಳ ಸಮೂಹವು, ಜಾನ್ಸ್ಕಿ ಆಲಿಸಿದಂಥ ಉದ್ದನೆಯ ತರಂಗಗಳಲ್ಲಿಯೇ, 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಆಕಾಶದ ನಕ್ಷೆಯನ್ನು ತಯಾರಿಸಲು ನೆರವಾಯಿತು. 1973ರಲ್ಲಿ ವಿಜ್ಞಾನಿಗಳು ಆಕಾಶದಿಂದ ಬರುವ ರೇಡಿಯೋ ತರಂಗಗಳ ಬಲವನ್ನು ಅಳೆಯುವ ಮಾನಕ್ಕೆ ಜಾನ್ಸ್ಕಿ ಎಂದೇ ಹೆಸರಿಟ್ಟರು. ನ್ಯೂಮೆಕ್ಸಿಕೋದಲ್ಲಿರುವ 27 ಬೋಗುಣಿಗಳ ಮಹಾ ದೂರದರ್ಶಕಕ್ಕೆ 2012ರಲ್ಲಿ ಅವನ ಹೆಸರನ್ನು ಕೊಡಲಾಯಿತು.

ಕಾರ್ಲ್ ಜಾನ್ಸ್ಕಿಯ ಬಳಿ ದೊಡ್ಡ ಪ್ರಯೋಗಶಾಲೆಯ ವೈಭವವಿರಲಿಲ್ಲ; ದೃಢವಾದ ದೇಹವೂ ಇರಲಿಲ್ಲ. ಮರದ ಚೌಕಟ್ಟು, ಹಿತ್ತಾಳೆಯ ಕೊಳವೆಗಳು, ಕಾರಿನ ಚಕ್ರಗಳು, ಇವೇ ಅವನ ಸಾಧನಗಳು. ಅವನಲ್ಲಿ ಇದ್ದುದು ತಾಳ್ಮೆ ಮತ್ತು ಪ್ರಾಮಾಣಿಕವಾದ ಲೆಕ್ಕ. ಎಲ್ಲರೂ ಗದ್ದಲವೆಂದು ಕಡೆಗಣಿಸುವುದನ್ನು ಅವನು ಒಂದು ವರ್ಷ ಬಿಡದೆ ಆಲಿಸಿದನು. ದಿನಕ್ಕೆ 4 ನಿಮಿಷಗಳ ವ್ಯತ್ಯಾಸವನ್ನೂ ಅಲ್ಪವೆಂದು ಎಣಿಸಲಿಲ್ಲ. ಆ 4 ನಿಮಿಷಗಳೇ ಅವನನ್ನು ಹೊಲದಿಂದ ಆಕಾಶಗಂಗೆಯ ನಡುವಿಗೆ ಕರೆದೊಯ್ದವು.